ಕಾಲು ಮುಂದಾಗಿ ಹುಟ್ಟಿದವಳು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂತಂತೆ. ಸೂಲಗಿತ್ತಿ ಗಾಬರಿಯಾಗಿ, ಗಾಡಿ ಕಟ್ಟಿ, ಆಸ್ಪತ್ರೆಗೆ ಸಾಗಿಸಿ ಎಂದು ಕೂಗಿದಳಂತೆ. ಎತ್ತು ಬಿಚ್ಚಿ ತರುವಷ್ಟರಲ್ಲಿ ನಾನು ಪೂರ್ತಿ ಬಂದಾಗಿತ್ತು. ಅಮ್ಮ ಈ ಕತೆಯನ್ನು ಬಂದವರಿಗೆಲ್ಲ ಹೇಳಿ ಕೊನೆಗೆ ನನ್ನ ಪಾದ ತೋರಿಸುತ್ತಿದ್ದಳು. "ನನ್ ಪ್ರಾಣ ಹಿಂಡಿದ ಕಾಲು ಕಣ್ರವ್ವ ಇದು. ಈಗ ನೋಡಿ, ಊರೋರಿಗೆಲ್ಲ ಉಪಕಾರ ಮಾಡ್ತದೆ."

ಉಪಕಾರ ಏನೆಂದರೆ, ಕಾಲು ಮುಂದಾಗಿ ಹುಟ್ಟಿದವರು ಉಳುಕಿದ ಜಾಗವನ್ನು ಕಾಲಿನಿಂದ ನೀವಿದರೆ ಉಳುಕು ಬಿಟ್ಟುಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದುಕೊಂಡವರು, ಕತ್ತು ತಿರುಗಿಸಲಾರದವರು, ಕಾಲಿನ ಗಿಣ್ಣು ಹೊರಳಿಸಿಕೊಂಡವರು ನಮ್ಮ ಮನೆಗೆ ಬರುತ್ತಿದ್ದರು. ಆಗ ನಮ್ಮೂರು ಬೋಗಾದಿ ಪಟ್ಟಣದ ಅಂಚಿನಲ್ಲಿದ್ದರೂ ಇನ್ನೂ ಹಳ್ಳಿಯೇ. ನಾವಿದ್ದದ್ದು ಹೆಂಚಿನ ಮನೆ. ಅಪ್ಪ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್. ಅಮ್ಮ, ನಾನು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದೆವು. ಬಂದವರು ಜಗಲಿಯ ಮೇಲೆ ಬೋರಲು ಮಲಗಿದರೆ, ನಾನು ಮಣೆ ಪಕ್ಕಕ್ಕಿಟ್ಟು ಎದ್ದು, ಎಡಗಾಲು ತೊಳೆದುಕೊಂಡು ಬಂದು, ನೋವಿರುವ ಕಡೆ ಹಿಮ್ಮಡಿಯಿಂದ ಮೇಲಿಂದ ಕೆಳಕ್ಕೆ ನೀವುತ್ತಿದ್ದೆ. ಇದ್ದಿಲ ಪುಡಿಯಿಂದ ಕೈ ಯಾವಾಗಲೂ ಕಪ್ಪಾಗಿರುತ್ತಿತ್ತು. ಅದನ್ನು ತೊಳೆಯುತ್ತಿರಲಿಲ್ಲ. ಕೈಗೇನು ಕೆಲಸ ಅಲ್ಲಿ.

ನಾನು ಐದನೇ ಕ್ಲಾಸಿನಲ್ಲಿ ಫೇಲಾಗಿ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿಕೊಂಡು ಪೇಪರು ಓದುವ ಅಭ್ಯಾಸ ಆಮೇಲೆ ಬಂದದ್ದು. ಆಗ ಎಲ್ಲಿ ಹೋದರೂ ನನ್ನ ಮಾತಿಗೆ ಬೆಲೆ ಇರಲಿಲ್ಲ. ಆದರೆ ನಮ್ಮ ಜಗಲಿಯ ಮೇಲೆ ಹಿರಿಯರು, ಪಂಚಾಯಿತಿಯವರು, ಒಬ್ಬ ಮೇಷ್ಟರೂ ನನ್ನ ಕಾಲ ಕೆಳಗೆ ಮಲಗಿದ್ದಾರೆ. ನೀವಿ ಮುಗಿಸಿದ ಮೇಲೆ ದೊಡ್ಡವರ ಮೈಗೆ ಕಾಲು ತಾಗಿಸಿದ ತಪ್ಪಿಗೆ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಒಳಗೆ ಮಾತ್ರ ಬೀಗುತ್ತಿದ್ದೆ. ನಾನು ಬರೆಯುತ್ತಿರುವ ಕೆಡುಕಿಗೆ ಬೇರು ಆ ಬೀಗುವಿಕೆಯೇ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಪಾದಗಳನ್ನು ನೋಡಿ ನೋಡಿ ನನಗೆ ಒಂದಿಷ್ಟು ತಿಳಿವಳಿಕೆಯೂ ಬಂದಿತ್ತು. ಆಣಿ ಎದ್ದ ಬೆರಳು, ಗದ್ದೆಯ ಕೆಸರಲ್ಲಿ ನಿಂತು ಬೆರಳ ಸಂದು ಕೊಳೆತವರು, ಹಿಮ್ಮಡಿ ಒಡೆದು ಸೀರೆಯ ನೆರಿಗೆ ಸಿಕ್ಕಿಕೊಳ್ಳುವಂಥವರು. ಇವಕ್ಕೆಲ್ಲ ನನ್ನ ಕಾಲು ಮದ್ದಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ಉಳುಕಿದ ಗಿಣ್ಣಾದರೆ ಹಿಮ್ಮಡಿಗೆ ಮೆತ್ತಗೆ ಸಿಗುತ್ತಿತ್ತು, ನೀರು ತುಂಬಿದ ಚರ್ಮದ ಚೀಲದ ಹಾಗೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನ್ನ ತಪ್ಪು ದೊಡ್ಡದು. ಏನೂ ಗೊತ್ತಿಲ್ಲದವಳಾಗಿದ್ದರೆ ಇಷ್ಟು ಬಾಧೆ ಇರುತ್ತಿರಲಿಲ್ಲ.

ತಂಗಿ ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ತಲೆ ಮುಂದಾಗಿ ಹುಟ್ಟಿದ್ದಕ್ಕೋ ಏನೋ, ಓದು ಹತ್ತಿತು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅವಳು ಸರಸ್ವತಿಪುರಂಗೆ ಹೊಲಿಗೆ ಕ್ಲಾಸಿಗೆ ಹೋಗತೊಡಗಿದಳು. ಅಪ್ಪ ಒಂದು ಹಳೆಯ ಕಾಲು ಮಿಷನ್ ತಂದುಕೊಟ್ಟರು. ಅವಳು ಅದರ ಮೇಲೆ ಕೂತರೆ ಎರಡು ಪಾದವೂ ತುಳಿಯುವ ಹಲಗೆಯ ಮೇಲೆ ಹೇಗೆ ಆಡುತ್ತಿದ್ದವೆಂದರೆ, ಚಕ್ರದ ಸದ್ದು ಎಲ್ಲೂ ಕಡಿಯುತ್ತಿರಲಿಲ್ಲ. ಯಾದವಗಿರಿಯ ಬಂಗಲೆಯವರೊಬ್ಬರು ಅವಳು ಹೊಲಿದ ರವಿಕೆ ನೋಡಿ, ಕ್ಲಾಸು ಮುಗಿಯಲಿ, ನಮ್ಮ ಮನೆಯವರದ್ದೆಲ್ಲ ನಿನಗೇ ಕೊಡ್ತೀವಿ ಎಂದಿದ್ದರು. ಅವಳ ಕನಸು ಅಷ್ಟೇ ಇತ್ತು: ಒಂದು ಅಂಗಡಿ, ಒಂದು ಮಿಷನ್, ಬಾಗಿಲ ಮೇಲೆ ಒಂದು ಬೋರ್ಡು.

ಆ ವರ್ಷ ನಮ್ಮೂರಿನ ಹೊಲಗಳಲ್ಲಿ ಹೊಸ ಬಡಾವಣೆಗೆ ಚರಂಡಿ ತೋಡುತ್ತಿದ್ದರು. ಬಸ್ ಸ್ಟಾಪಿನಿಂದ ಮನೆಗೆ ಬರುವ ದಾರಿಯಲ್ಲಿ ಗುಂಡಿಯ ಮೇಲೆ ಹಲಗೆ ಹಾಕಿರುತ್ತಿದ್ದರು. ಒಂದು ಸಂಜೆ ಯಾರೋ ಆ ಹಲಗೆ ಎತ್ತಿಕೊಂಡು ಹೋಗಿದ್ದರು. ತಂಗಿ ಹಾರಿದಳು. ಆಚೆ ದಡದ ಸಡಿಲ ಮಣ್ಣಿನ ಮೇಲೆ ಬಲಗಾಲಿನ ಪಾದ ಒಳಕ್ಕೆ ಹೊರಳಿತು. ಇಬ್ಬರು ಹೆಂಗಸರು ಅವಳನ್ನು ಹೆಗಲಿಗೆ ಹಾಕಿಕೊಂಡು ಬಂದು ಜಗಲಿಯ ಮೇಲೆ ಕೂರಿಸಿದರು. ಗಿಣ್ಣಿನ ಹೊರಮಗ್ಗುಲು ಆಗಲೇ ಉಂಡೆಯ ಹಾಗೆ ಊದಿತ್ತು.

ಅಪ್ಪ ಕೆಲಸಕ್ಕೆ ಹೋಗಿದ್ದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಡಾಕ್ಟ್ರತ್ರ ಕರ್ಕೊಂಡೋಗಣ್ವಾ?"

ಎದುರುಮನೆ ಅಜ್ಜಿ ಅಷ್ಟರಲ್ಲಿ ರಸ್ತೆ ದಾಟಿ ಬಂದಿದ್ದಳು. "ಡಾಕ್ಟ್ರಾ! ಊರೋರೆಲ್ಲ ನಿಮ್ ಬಾಗ್ಲಿಗೆ ಬತ್ತಾರೆ. ನೀವು ಡಾಕ್ಟ್ರ ಬಾಗ್ಲಿಗೋದ್ರೆ ನೋಡ್ದೋರು ನಗಾಕಿಲ್ವಾ? ಏಳಮ್ಮಿ, ಕಾಲ್ ತೊಳ್ಕೊಂಡ್ ಬಾ."

ಕೊನೆಯ ಮಾತು ನನಗೆ. ನಾನು ಎದ್ದೆ. ಜಗಲಿಯ ಮುಂದೆ ಜನ ಸೇರಿದ್ದರು. ಹರಳೆಣ್ಣೆ ಬಿಸಿ ಮಾಡಿ ತಂದೆ. ತಂಗಿ ನನ್ನ ಸೀರೆ ಹಿಡಿದುಕೊಂಡಳು.

"ಅಕ್ಕ, ಬ್ಯಾಡ ಕಣೇ. ಇದು ಬೇರೆ ತರ ನೋಯ್ತಾ ಅದೆ."

"ಸುಮ್ನಿರು. ಎಲ್ರೂ ಹಂಗೇ ಅನ್ನೋದು."

ಅಮ್ಮ ಅವಳ ಮೊಣಕಾಲು ಹಿಡಿದಳು, ಅಜ್ಜಿ ಭುಜ ಹಿಡಿದಳು. ನಾನು ಹಿಮ್ಮಡಿ ಇಟ್ಟೆ. ಮೆತ್ತಗಿರಲಿಲ್ಲ. ಒಳಗೆ ಎಲ್ಲೋ ಒಂದು ಅಂಚು ಸಿಕ್ಕಿತು. ಅಲ್ಲೇ ನಿಲ್ಲಿಸಬೇಕಿತ್ತು. ಜನ ನೋಡುತ್ತಿದ್ದರು. ನಾನು ಭಾರ ಹಾಕಿ ಕೆಳಕ್ಕೆ ನೀವಿದೆ. ಕಟಕ್ ಎಂದಿತು. ಕಿವಿಗೆ ಕೇಳಿದ್ದಕ್ಕಿಂತ ಹಿಮ್ಮಡಿಯ ಮೂಲಕ ಮೊಣಕಾಲಿನವರೆಗೂ ಬಂತು ಆ ಸದ್ದು. ತಂಗಿ ಚೀರಿದ್ದನ್ನು ಬರೆಯಲು ನನಗೆ ಮಾತಿಲ್ಲ.

ಅಷ್ಟು ವರ್ಷದಲ್ಲಿ ಯಾರ ಮೈಯಲ್ಲೂ ನನಗೆ ಆ ಸದ್ದು ಸಿಕ್ಕಿರಲಿಲ್ಲ. ಇದು ಉಳುಕಲ್ಲ ಎಂದು ನನ್ನ ಕಾಲಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಬಾಯಿ ಮಾತ್ರ, "ಕೂತ್ಕೊಂತು. ಉಳುಕು ಕೂತ್ಕೊಂತು," ಎಂದಿತು.

"ನಾನ್ ಹೇಳ್ಲಿಲ್ವಾ!" ಎಂದಳು ಅಜ್ಜಿ. ಜನ ತಲೆದೂಗಿ ಹೋದರು.

ಮುಂದಿನ ದಿನಗಳಲ್ಲಿ ಊತ ಬೆರಳಿನ ತುದಿಯವರೆಗೆ ಇಳಿಯಿತು. ಪಾದ ನೇರಳೆ ಬಣ್ಣಕ್ಕೆ ತಿರುಗಿತು, ಆಮೇಲೆ ಹಳದಿಗೆ. ತಂಗಿ ಬೆರಳ ತುದಿ ಮಾತ್ರ ಊರಿ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು. ನಾನು ಅವಳನ್ನು ಕೂರಲು ಬಿಡಲಿಲ್ಲ. ನಡೆಯದಿದ್ದರೆ ಬಿಗಿದುಕೊಳ್ಳುತ್ತದೆ ಎಂದೆ. ಒಂದು ಸಲ ಅವಳು ಹೊಸಿಲ ಮೇಲೆ ಕೂತು ಅತ್ತಾಗ, "ನಾಜೂಕು ಮಾಡ್ಬ್ಯಾಡ. ಎಸ್ಸೆಸ್ಸೆಲ್ಸಿ ಓದ್ದೋರಿಗೆ ಮಾತ್ರ ಕಾಲ್ ನೋಯೋದಾ?" ಎಂದುಬಿಟ್ಟೆ. ಅವಳು ಎದ್ದು ನಡೆದಳು. ನಾನು ಎಷ್ಟು ಹೇಳಿದೆನೋ ಅಷ್ಟೂ ನಡೆದಳು.

ಅದೇ ವಾರ ಸೊಂಟ ಹಿಡಿದುಕೊಂಡ ಒಬ್ಬರು ಬಂದರು. ನಾನು ಕಾಲು ತೊಳೆದುಕೊಂಡು ಅವರ ಬೆನ್ನ ಮೇಲಿಟ್ಟೆ. ತಂಗಿ ಒಳಗಿನ ಕಂಬಕ್ಕೆ ಒರಗಿ, ಊದಿದ ಕಾಲು ಚಾಚಿಕೊಂಡು ನೋಡುತ್ತಿದ್ದಳು. ಆ ಮನುಷ್ಯ ಎದ್ದು, ಹಗುರಾಯ್ತು ಕಣಮ್ಮ ಎಂದು ಕೈ ಮುಗಿದ. ನಾನು ತಂಗಿಯ ಕಡೆ ತಿರುಗಲಿಲ್ಲ.

ಸತ್ಯ ಹೊರಗೆ ಬಂದದ್ದು ಮಿಷನ್ನಿನಿಂದ. ಊತ ಸ್ವಲ್ಪ ಇಳಿದ ಮೇಲೆ ಅವಳು ಹೊಲಿಯಲು ಕೂತಳು. ಎಡಗಾಲು ಆಡುತ್ತಿತ್ತು, ಬಲಪಾದ ಮೇಲಕ್ಕೆ ಮಡಿಯುತ್ತಲೇ ಇರಲಿಲ್ಲ. ತುಳಿತ ತಪ್ಪಿ ಚಕ್ರ ಹಿಂದಕ್ಕೆ ತಿರುಗಿ ದಾರ ತುಂಡಾಯಿತು. ಮತ್ತೆ ಪೋಣಿಸಿದಳು, ಮತ್ತೆ ತುಂಡಾಯಿತು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಟೋಪಿ ತೆಗೆದು ಮೊಳೆಗೆ ಹಾಕಿ, "ನಾಳೆ ಆಸ್ಪತ್ರೆಗೆ ಹೋಗಣ," ಎಂದರು. ಮರುದಿನ ಅಪ್ಪನ ಜೊತೆ ನಾನೂ ಹೋದೆ.

ಡಾಕ್ಟರು ಎಕ್ಸ್‌ರೇ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊರಗಿನ ಗಿಣ್ಣಿನ ಮೂಳೆ ಮುರಿದು ಸೊಟ್ಟಗೆ ಕೂಡಿಕೊಳ್ಳುತ್ತಿದೆ ಎಂದರು. "ಬಿದ್ದಾಗ ಬರೀ ಬಿರುಕು ಬಿಟ್ಟಿರ್ಬೋದು. ಆಮೇಲೆ ಜರುಗಿದೆ. ಆಗ್ಲೇ ಬಂದಿದ್ರೆ ಪ್ಲಾಸ್ಟರ್ ಹಾಕಿ ನೇರ ಕೂರಿಸ್ತಿದ್ವಿ. ಕಾಲು ಊರಕ್ಕೇ ಆಗ್ತಿಲ್ಲ, ಮೂಳೆ ಮೇಲೆ ಬೆರಳಿಟ್ರೆ ಪ್ರಾಣ ಹೋಗುತ್ತೆ ಅಂದ್ರೆ ಅದು ಬರೀ ಉಳುಕು ಅಂತ ಕೂರಬಾರದಮ್ಮ." ಆಮೇಲೆ ಫೋಟೋ ಕೆಳಗಿಟ್ಟು ಕೇಳಿದರು. "ಯಾರಾದ್ರೂ ಎಳೆದ್ರಾ? ತಿಕ್ಕಿದ್ರಾ?"

ನಾನು ಅವರ ಎದುರಿಗೇ ನಿಂತಿದ್ದೆ. ನನ್ನ ಪಾದಗಳು ಚಪ್ಪಲಿಯಲ್ಲಿ ಬೆವೆತುಹೋದವು.

"ಇಲ್ಲ ಸಾರ್," ಎಂದಳು ತಂಗಿ. "ನಾನೇ ಓಡಾಡ್ಬುಟ್ಟೆ."

ಅಪ್ಪ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಬಸ್ಸಿನಲ್ಲಿ ಮನೆಗೆ ಬರುವಾಗ ತಂಗಿಯ ಪಕ್ಕ ಕೂತೆ. ಹೇಳಲು ಅಷ್ಟು ಒಳ್ಳೆಯ ಜಾಗ ಮತ್ತೆ ಸಿಗಲಿಲ್ಲ. ಹೇಳೋಣ ಎಂದುಕೊಂಡಾಗೆಲ್ಲ ಯಾವುದೋ ಸ್ಟಾಪಿನಲ್ಲಿ ಜನ ಹತ್ತಿ, ನಮ್ಮ ಸ್ಟಾಪು ಬಂದುಬಿಟ್ಟಿತು.

ಮತ್ತೆ ಮುರಿದು ಜೋಡಿಸುವ ಆಪರೇಷನ್ ಮಾತು ಬಂತು. ಮಾಡಿದರೂ ಪೂರ್ತಿ ಸರಿಹೋಗುವ ಭರವಸೆ ಇಲ್ಲ ಎಂದಾಗ ಎಲ್ಲರೂ ಹೆದರಿ ಬಿಟ್ಟರು. ಆ ಕಾಲು ಹಾಗೇ ಉಳಿಯಿತು. ಅವಳು ಇಳಿಜಾರಿನಲ್ಲಿ ಅಡ್ಡಡ್ಡ ನಡೆಯುತ್ತಿದ್ದಳು. ಸಂಜೆ ಹೊತ್ತಿಗೆ ಗಿಣ್ಣು ಊದಿ ಚಪ್ಪಲಿಯ ಪಟ್ಟಿ ಒತ್ತುತ್ತಿತ್ತು. ಮಿಷನ್ ಬಿಡಲಿಲ್ಲ. ಬಲಗಾಲನ್ನು ಮಡಿಸಿ ಸ್ಟೂಲಿನ ಕೆಳಗಿಟ್ಟು, ಎಡಗಾಲೊಂದರಿಂದಲೇ ತುಳಿಯುವುದನ್ನು ಕಲಿಯಲು ಕೂತಳು. ಚಕ್ರ ಹಿಂದಕ್ಕೆ ತಿರುಗುತ್ತಿತ್ತು, ದಾರ ತುಂಡಾಗುತ್ತಿತ್ತು. ಯಾದವಗಿರಿಯವರು ಕಾದು ಕಾದು ಬೇರೆ ಟೈಲರನ್ನು ಹಿಡಿದರು. ನಾನು ಪಕ್ಕದಲ್ಲಿ ಊದುಬತ್ತಿ ಹೊಸೆಯುತ್ತಾ ದಾರ ತುಂಡಾಗುವ ಸದ್ದಿಗೆ ಬೆಚ್ಚುತ್ತಿದ್ದೆ. ಅಷ್ಟು ಸಣ್ಣ ಸದ್ದು ಬೇರೆ ಯಾರಿಗೂ ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ನನಗೆ ಮದುವೆಯಾಯಿತು. ಗಂಡನ ಮನೆಯೂ ಅದೇ ಊರಿನಲ್ಲೇ, ಎರಡು ಬೀದಿ ಆಚೆ. ಉಳುಕು ಎಂದು ಬಂದವರಿಗೆ, ಮದುವೆಯಾದ ಮೇಲೆ ಆ ಗುಣ ಇರುವುದಿಲ್ಲ ಎಂದು ಹೇಳಿ ಕಳಿಸತೊಡಗಿದೆ. ಇದು ಶುದ್ಧ ಸುಳ್ಳು. ನಾನೇ ಹುಟ್ಟಿಸಿದ್ದು. ಆದರೆ ಜನ ಅದನ್ನೂ ನಂಬಿದರು. ಒಂದೆರಡು ವರ್ಷದಲ್ಲಿ ನಮ್ಮ ಬೀದಿಯ ಹೆಂಗಸರು ಅದನ್ನು ಹಳೇ ಕಾಲದಿಂದ ಬಂದ ಮಾತಿನ ಹಾಗೆ ನನಗೇ ಹೇಳಿದ್ದುಂಟು.

ತಂಗಿಯ ಅಂಗಡಿ ತಡವಾಗಿ ಆಯಿತು, ಆದರೆ ಆಯಿತು. ಬೋಗಾದಿಯ ಹೊಲಗಳೆಲ್ಲ ಬಡಾವಣೆಯಾಗಿ, ಕಾಲೇಜು ಹುಡುಗಿಯರು ಬಾಡಿಗೆಗೆ ಬಂದು, ಚೂಡಿದಾರ ಹೊಲಿಸುವವರು ಹೆಚ್ಚಾದರು. ನಮ್ಮ ಹಳೆಯ ಜಗಲಿಯನ್ನೇ ಗೋಡೆ ಎತ್ತಿ ಅಂಗಡಿ ಮಾಡಿದರು. ಅದೇ ಜಾಗ. ಅವಳು ಮಿಷನ್ ಇಟ್ಟುಕೊಂಡದ್ದು ನಾನು ಅವಳ ಗಿಣ್ಣಿನ ಮೇಲೆ ಕಾಲಿಟ್ಟ ಮೂಲೆಯಲ್ಲೇ. ತುಳಿಯುವ ಕಬ್ಬಿಣದ ಹಲಗೆ ಎಡಗಡೆ ಮಾತ್ರ ಸವೆದು ಹೊಳೆಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಹೂಟಗಳ್ಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದೆ. ದಿನವಿಡೀ ಸಿಮೆಂಟು ನೆಲದ ಮೇಲೆ ನಿಲ್ಲುವ ಕೆಲಸ. ಒಂದು ವರ್ಷದಲ್ಲಿ ಹಿಮ್ಮಡಿ ಹಿಡಿಯಿತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಮುಳ್ಳು ತುಳಿದ ಹಾಗೆ ಆಗುತ್ತಿತ್ತು. ಸ್ವಲ್ಪ ಓಡಾಡಿದರೆ ಕಡಿಮೆ, ಕೂತು ಎದ್ದರೆ ಮತ್ತೆ ಮುಳ್ಳು. ಎಡಗಾಲು. ಅದೇ ಹಿಮ್ಮಡಿ. ನನಗೆ ಅದರಲ್ಲಿ ನ್ಯಾಯ ಕಂಡಿತು, ಯಾರಿಗೂ ಹೇಳಲಿಲ್ಲ. ಕಂಡುಹಿಡಿದವಳು ತಂಗಿ.

"ಯಾಕಕ್ಕ ಕಾಲ್ ಎಳೀತಿದ್ಯಾ? ಚಪ್ಲಿ ಬುಡು, ನೋಡಣ."

ಬೇಡ ಎಂದರೂ ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಂಗಾಲಿನ ಅಡಿಯ ನಾರಿನಂಥ ಪಟ್ಟಿ ನಿಂತೂ ನಿಂತೂ ಬಾವು ಬಂದಿದೆ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿ, ಬರಿಗಾಲಲ್ಲಿ ನಿಲ್ಲಬೇಡಿ ಎಂದರು ಡಾಕ್ಟರು. ಮಾರನೆಯ ದಿನ ತಂಗಿ ರವಿಕೆ ಕತ್ತರಿಸಿ ಉಳಿದ ಚೂರುಗಳನ್ನು ಪದರ ಪದರವಾಗಿ ಕೂಡಿಸಿ, ಮೇಲೆ ಮೆತ್ತನೆಯ ಬಟ್ಟೆ ಹೊಲಿದು, ನನ್ನ ಚಪ್ಪಲಿಯ ಹಿಮ್ಮಡಿಗೆ ಒಂದು ದಿಂಬು ಮಾಡಿಕೊಟ್ಟಳು. ಸುತ್ತಲೂ ಒತ್ತು ಹೊಲಿಗೆ, ಮಗುವಿನ ಕುಲಾವಿಗೆ ಹಾಕುವಂಥದ್ದು. ಅದನ್ನು ಮೆಟ್ಟಿಕೊಂಡು ನಾನು ಕ್ಯಾಂಟೀನಿನಲ್ಲಿ ನಿಂತೆ. ನೋವು ಕಡಿಮೆಯಾಯಿತು. ಆ ದಿನಗಳಲ್ಲಿ ಅವಳ ಮುಖ ನೋಡಿ ಮಾತಾಡುವುದು ನನಗೆ ಮೊದಲಿಗಿಂತ ಕಷ್ಟವಾಯಿತು.

ಒಂದು ಭಾನುವಾರ ಮಧ್ಯಾಹ್ನ ಅವಳ ಅಂಗಡಿಯಲ್ಲಿ ಕೂತು ಗುಂಡಿ ಹಾಕಿಕೊಡುತ್ತಿದ್ದೆ. ಎದುರುಮನೆ ಅಜ್ಜಿ, ಈಗ ಬೆನ್ನು ಬಾಗಿ ಕೋಲು ಹಿಡಿದವಳು, ತನ್ನ ಮೊಮ್ಮಗನ ಹೆಂಡತಿಯನ್ನು ಕರೆತಂದಳು. ಆ ಹುಡುಗಿ ನೀರಿನ ಟ್ಯಾಂಕಿನ ಮೆಟ್ಟಿಲಲ್ಲಿ ಕಾಲು ಜಾರಿ ಗಿಣ್ಣು ಹೊರಳಿಸಿಕೊಂಡಿದ್ದಳು. ಒಂಟಿ ಕಾಲಲ್ಲಿ ಕುಂಟುತ್ತಾ ಬಂದು ಬೆಂಚಿನ ಮೇಲೆ ಕುಸಿದಳು.

"ಬಾರಮ್ಮಿ, ಒಸಿ ನೀವ್ಬುಡು," ಎಂದಳು ಅಜ್ಜಿ ನನಗೆ.

"ಮದುವೆ ಆದ್ಮೇಲೆ ಆಗಲ್ಲ ಅಜ್ಜಿ, ಗೊತ್ತಲ್ಲ ನಿಂಗೆ."

"ಮದ್ವೆ ಆದ್ರೇನು? ಕಾಲೇನ್ ಗಂಡನ್ ಮನೇಲಿ ಬುಟ್ಟು ಬಂದಿದ್ದೀಯಾ? ಅದೇ ಕಾಲು ತಾನೆ!"

ಆ ಹುಡುಗಿ ನೋವಿನಲ್ಲೂ ನಕ್ಕಳು. ತಂಗಿಯೂ ಮಿಷನ್ ತುಳಿಯುತ್ತಲೇ ನಕ್ಕಳು. ಅಜ್ಜಿ ಆಗಲೇ ಆ ಹುಡುಗಿಯ ಕಾಲನ್ನು ನನ್ನ ಕಡೆ ತಿರುಗಿಸಿ ಇಡುತ್ತಿದ್ದಳು. ಹೊರಮಗ್ಗುಲು ಊದಿತ್ತು. ಉಂಡೆಯ ಹಾಗೆ. ನಾನು ಅದನ್ನು ನೋಡಿದೆ. ಇನ್ನೊಂದು ಸುಳ್ಳು ಹುಡುಕಿದರೆ ಸಿಗುತ್ತಿತ್ತು. ಅಜ್ಜಿ ಅದಕ್ಕೂ ಉತ್ತರ ಹೇಳುತ್ತಿದ್ದಳು. ಕೊನೆಗೆ ಬೇರೆ ಯಾರನ್ನೋ ಕರೆಸಿ ತಿಕ್ಕಿಸುತ್ತಿದ್ದಳು.

"ಆಗಲ್ಲ ಅಜ್ಜಿ," ಎಂದೆ. "ನನ್ ತಂಗಿ ಕಾಲು ಹಿಂಗಾಗಿದ್ದು ನನ್ನಿಂದ. ಆವತ್ತು ಕೂತ್ಕೊಂತು ಅಂತ ಸುಳ್ಳು ಹೇಳ್ದೆ. ಮೂಳೆ ಜರುಗಿದ್ದು ನನ್ ಕಾಲಿಗೆ ಗೊತ್ತಾಗಿತ್ತು. ಜನ ನೋಡ್ತಾವ್ರೆ ಅಂತ ಮುಚ್ಚಾಕ್ಬುಟ್ಟೆ."

ಮಿಷನ್ ನಿಂತಿತು.

ನಾನು ತಂಗಿಯ ಕಡೆ ತಿರುಗಿದೆ. ಅವಳು ಸೂಜಿಯ ಕೆಳಗಿನ ಬಟ್ಟೆಯನ್ನು ನೋಡುತ್ತಿದ್ದಳು.

"ನಂಗೊತ್ತಿತ್ತು ಕಣಕ್ಕ," ಎಂದಳು. "ಕಾಲು ನಂದಲ್ವಾ. ಕಟಕ್ ಅಂದಿದ್ದು ನಂಗೆ ಕೇಳ್ದೆ ಇರ್ತದಾ?"

"ಮತ್ತೆ ಡಾಕ್ಟ್ರತ್ರ ಯಾಕ್ ಹಂಗಂದೆ?"

"ನೀನ್ ಹೇಳ್ತೀಯ ಅಂತ. ಬಸ್ಸಲ್ಲಿ ಹೇಳ್ತೀಯ ಅಂದ್ಕೊಂಡೆ. ಆಮೇಲೆ ಮನೇಲಿ ಹೇಳ್ತೀಯ ಅಂದ್ಕೊಂಡೆ." ಅವಳ ದನಿ ಏರಲಿಲ್ಲ. "ಮೂಳೆ ಮುರಿದಿದ್ದಕ್ಕಲ್ಲ. ನಾಜೂಕು ಮಾಡ್ಬ್ಯಾಡ ಅಂದ್ಯಲ್ಲ, ಅದಕ್ಕೆ ಭಾಳ ದಿನ ಅತ್ತೆ."

ತಪ್ಪಾಯ್ತು ಎಂದೆನೋ ಇಲ್ಲವೋ ನೆನಪಿಲ್ಲ. ಅಂದಿರಬೇಕು. ಅವಳು ಎದ್ದು, ಆ ಹುಡುಗಿಯ ಮುಂದೆ ಕಷ್ಟಪಟ್ಟು ಕುಕ್ಕರಿಸಿ, ಗಿಣ್ಣಿನ ಮೂಳೆಯ ಮೇಲೆ ಒಂದು ಬೆರಳನ್ನು ಮೆಲ್ಲಗೆ ಇಟ್ಟಳು. ಹುಡುಗಿ ಹಾ ಎಂದಳು.

"ಊರಕ್ಕಾಗುತ್ತಾ?"

"ಇಲ್ಲಕ್ಕ."

"ಹಂಗಾದ್ರೆ ಫೋಟೋ ತೆಗೆಸ್ದೆ ಯಾರೂ ಮುಟ್ಟಬಾರ್ದು. ಅಕ್ಕ, ಆಟೋ ಕರಿ."

ನಾನು ಹೋಗಿ ಆಟೋ ತಂದೆ. ಅವಳು ಅಂಗಡಿ ಬಾಗಿಲೆಳೆದು ಅವರ ಜೊತೆ ಹೊರಟಳು. ಆಟೋದಲ್ಲಿ ಜಾಗವಿರಲಿಲ್ಲ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾದೆ.

ಸಂಜೆ ಮರಳಿ ಬಂದಾಗ ಅಜ್ಜಿಯ ಬೈಗುಳ ಬೀದಿ ತುದಿಯಿಂದಲೇ ಕೇಳುತ್ತಿತ್ತು. ಮೂಳೆಗೆ ಏನೂ ಆಗಿರಲಿಲ್ಲ. ನರ ಎಳೆದಿತ್ತು, ಅಷ್ಟೇ. ಐಸ್ ಇಡಿ, ಕಾಲು ಎತ್ತರದಲ್ಲಿ ಇಟ್ಟು ಮಲಗಿ ಎಂದು ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಳಿಸಿದ್ದರು.

"ಬರೀ ಉಳುಕು ಕಣ್ರವ್ವ!" ಎಂದಳು ಅಜ್ಜಿ ಇಳಿಯುತ್ತಲೇ. "ಇವ್ಳು ಒಸಿ ಕಾಲ್ ಇಟ್ಟಿದ್ರೆ ಮುಗ್ದೋಗದು. ಅಕ್ಕ ತಂಗಿ ಸೇರ್ಕೊಂಡು ನನ್ ಭಾನ್ವಾರ ಎಲ್ಲ ಆಸ್ಪತ್ರೆ ಬೆಂಚ್ ಮೇಲೆ ಕಳ್ದ್ಬುಟ್ರು."

ತಂಗಿಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು, ಅದು ಅಳುವಿನ ಪಕ್ಕದಲ್ಲೇ ಇತ್ತು. ನಾನು ಹೇಳಿದ ಮಾತು ಅಜ್ಜಿಯ ತಲೆಯಲ್ಲಿ ಎಲ್ಲೂ ಉಳಿದಂತಿರಲಿಲ್ಲ. ಇವತ್ತಿಗೂ ಅವಳ ಮನೆಯವರು ನನ್ನನ್ನು ಜಂಬದವಳು ಎನ್ನುತ್ತಾರೆ. ಅನ್ನಲಿ.

ಅವರೆಲ್ಲ ಹೋದ ಮೇಲೆ ತಂಗಿ ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತಳು, ನಾನು ಕೆಳಗೆ ಕೂತೆ. ಓಡಾಡಿ ಅವಳ ಬಲಗಾಲು ಊದಿತ್ತು. ಅಷ್ಟು ವರ್ಷ ಆ ಕಾಲಿಗೆ ಎಣ್ಣೆ ಹಚ್ಚುವುದಾಗಲಿ ಪಟ್ಟಿ ಕಟ್ಟುವುದಾಗಲಿ ಅವಳೇ ಮಾಡಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋದರೆ ಸೀರೆ ಎಳೆದು ಮುಚ್ಚಿಕೊಳ್ಳುತ್ತಿದ್ದಳು. ಅವತ್ತು ಡ್ರಾಯರಿನಿಂದ ಪಟ್ಟಿ ತೆಗೆದು ನನ್ನ ಕಡೆ ಎಸೆದಳು. ಕಾಲು ಎತ್ತಿ ನನ್ನ ಮಡಿಲಿಗೆ ಇಟ್ಟಳು.

"ಕಟ್ಟು," ಎಂದಳು. "ಕೈಲಿ ಕಣೇ ಮತ್ತೆ."

ಕಾಲನ್ನು ಮೆಲ್ಲಗೆ ಕೆಳಗಿಳಿಸಿ, ಕೈ ತೊಳೆದುಕೊಂಡು ಬಂದು ಮತ್ತೆ ಮಡಿಲಿಗೆ ತೆಗೆದುಕೊಂಡೆ. ಗಿಣ್ಣಿನ ಹೊರಗೆ ಮೂಳೆ ಕೂಡಿದ ಕಡೆ ಒಂದು ಗಂಟು ಇತ್ತು, ಹುಣಿಸೆ ಬೀಜದಷ್ಟು. ಅದರ ಸುತ್ತ ಚರ್ಮ ಬಿಸಿಯಾಗಿತ್ತು. ಬೆರಳ ಬುಡದಿಂದ ಶುರುಮಾಡಿ, ಹಿಮ್ಮಡಿ ಸುತ್ತಿ, ಗಿಣ್ಣಿನ ಮೇಲೆ ತಂದೆ.

"ಬಿಗಿ ಆಯ್ತು," ಎಂದಳು.

ಬಿಚ್ಚಿ ಮತ್ತೆ ಸುತ್ತಿದೆ.